ದೊರೆಯ ಡಬ್ಬಿ, ಅಮ್ಮನ ತಟ್ಟೆ

"ತಿಂಗಳಿಗೆ ಒಂದೇ ದಿನ ಅಡುಗೆ! ಉಳಿದ ಇಪ್ಪತ್ತೊಂಬತ್ತು ದಿನ ಒಲೆಗೂ ನನಗೂ ಮಾತುಕತೆ ಇಲ್ಲ!"

ಫ್ರಿಜ್ಜಿನ ನೆತ್ತಿಯ ಮೇಲೆ ಕೈಯಿಟ್ಟು ನಾನು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ ಬೆಳಗ್ಗೆ. ಕೇಳಿಸಿಕೊಂಡವರು ಮೂವರು: ಹೆಂಡತಿ, ಅಮ್ಮ, ಮತ್ತು ನಮ್ಮ ನಾಯಿ ದೊರೆ. ಮೂವರಲ್ಲಿ ಬಾಲ ಅಲ್ಲಾಡಿಸಿದ್ದು ದೊರೆ ಮಾತ್ರ.

ನನ್ನ ಕಸುಬು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಅಡುಗೆ ಅವಳದು, ಸಂಜೆಯದು ನನ್ನದು ಅಂತ ಮದುವೆಯಾದ ವರ್ಷವೇ ಒಪ್ಪಂದ ಆಗಿದೆ. ಆದರೆ ನನಗೆ ಅಡುಗೆ ಎಂದರೆ ಹಲ್ಲುನೋವಿದ್ದ ಹಾಗೆ. ಸಂಜೆ ಐದಾದರೆ ಸಾಕು, ಶುರು. ಎಲ್ಲೋ ಓದಿದ್ದೆ: ಒಟ್ಟಿಗೆ ಬೇಯಿಸು, ಡಬ್ಬಿಗೆ ತುಂಬು, ಫ್ರೀಜರಿಗೆ ತಳ್ಳು, ಬೇಕಾದಾಗ ಬಿಸಿ ಮಾಡು. ಆರೋಗ್ಯಕ್ಕೂ ಒಳ್ಳೆಯದು, ಸೋಮಾರಿತನಕ್ಕೂ ಒಳ್ಳೆಯದು!

ಆ ಭಾನುವಾರ ಎರಡು ದೊಡ್ಡ ಪಾತ್ರೆ ಒಲೆ ಏರಿದವು. ಒಂದರಲ್ಲಿ ನಮಗೆ ಬೇಳೆ, ಟೊಮೆಟೊ, ಈರುಳ್ಳಿ, ಮೆಣಸು ಹಾಕಿದ ಗಟ್ಟಿ ಸೂಪು. ಇನ್ನೊಂದರಲ್ಲಿ ದೊರೆಗೆ ಕುಂಬಳಕಾಯಿ, ಕ್ಯಾರೆಟ್, ಬೀನ್ಸು, ಅಕ್ಕಿ. ದೊರೆಗೆ ವಯಸ್ಸಾಗಿದೆ, ಕಿಡ್ನಿ ಸರಿಯಿಲ್ಲ. ಉಪ್ಪು ಕೂಡದು, ಈರುಳ್ಳಿಯಂತೂ ವಿಷ ಅಂತ ಅವನ ಡಾಕ್ಟರು ಹೇಳಿದ್ದಾರೆ. ಕ್ಯಾರೆಟ್ ಎಷ್ಟು, ಅಕ್ಕಿ ಎಷ್ಟು ಅಂತ ನಡುನಡುವೆ ಅವರಿಗೆ ಫೋನ್ ಮಾಡಿ ಕೇಳುತ್ತಲೇ ಇದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನಾಲ್ಕನೇ ಸಲ ಎತ್ತಲಿಲ್ಲ ಅಷ್ಟೇ.

ಡಬ್ಬಿಗಳು ಒಟ್ಟು ಇಪ್ಪತ್ತೆಂಟು: ಹದಿನಾಲ್ಕು ನಮಗೆ, ಹದಿನಾಲ್ಕು ದೊರೆಗೆ, ಒಂದೊಂದೂ ಎರಡೆರಡು ದಿನಕ್ಕೆ.

"ಮೇಲೆ ಹೆಸರು ಬರೆದು ಅಂಟಿಸ್ರೀ," ಅಂದಳು ಹೆಂಡತಿ.

"ನಾನೂರು ಜನರ ಕಣ್ಣಿನ ಪವರ್ ಬಾಯಿಪಾಠ ಇರೋನು ನಾನು! ಇಪ್ಪತ್ತೆಂಟು ಡಬ್ಬಿ ನೆನಪಿರಲ್ವಾ? ನೀಲಿ ಮುಚ್ಚಳ ನಮ್ಮದು, ಹಳದಿ ದೊರೇದು. ಮುಗೀತು!"

ಮುಗಿಯಲಿಲ್ಲ. ಆರಲಿ ಅಂತ ಮುಚ್ಚಳ ತೆಗೆದಿಟ್ಟಿದ್ದೆ. ಸುಸ್ತಾಗಿ ಮಲಗಿ ಎದ್ದು, ಅರೆನಿದ್ದೆಯಲ್ಲೇ ಕೈಗೆ ಸಿಕ್ಕ ಮುಚ್ಚಳವನ್ನು ಸಿಕ್ಕ ಡಬ್ಬಿಗೆ ಒತ್ತಿ ಒಳಗೆ ತಳ್ಳಿದೆ. ಎರಡೂ ಕಲಸಿದ ಮಣ್ಣಿನ ಬಣ್ಣದಲ್ಲೇ ಇದ್ದವು ನೋಡಿ. ಗೊತ್ತಾಗುವುದಾದರೂ ಹೇಗೆ?

ಪಾತ್ರೆಗಳ ತಳದಲ್ಲಿ ಉಳಿದದ್ದರಲ್ಲೇ ಎರಡು ದಿನ ಕಳೆದು, ಡಬ್ಬಿಗೆ ಮೊದಲ ಸಲ ಕೈ ಹಾಕಿದ್ದು ಬುಧವಾರ. ಆ ವಾರ ಹೆಂಡತಿಗೆ ಮಧ್ಯಾಹ್ನದ ಪಾಳಿ, ಊಟ ಆಸ್ಪತ್ರೆಯಲ್ಲೇ. ನಾನು ಗತ್ತಿನಿಂದ ಒಂದು ನೀಲಿ, ಒಂದು ಹಳದಿ ತೆಗೆದು ಬಿಸಿ ಮಾಡಿದೆ. ನೀಲಿಯದು ಅಮ್ಮನ ತಟ್ಟೆಗೆ, ಹಳದಿಯದು ದೊರೆಯ ಬಟ್ಟಲಿಗೆ.

ಅಮ್ಮ ಒಂದು ಚಮಚ ತಿಂದಳು. ತಡೆದು ಇನ್ನೊಂದು ತಿಂದಳು. ತಟ್ಟೆ ಖಾಲಿ ಮಾಡಿ ಮುಂದೆ ಹಿಡಿದಳು.

"ಇನ್ನೊಂಚೂರು ಹಾಕು. ಯಾರು ಮಾಡಿದ್ದೋ?"

"ನಾನೇ ಅಮ್ಮ!"

"ಎಷ್ಟು ಚೆನ್ನಾಗಿದೆ ಕಣೋ. ಹೊಟ್ಟೆಗೆ ಹಗುರ. ನನಗೇ ಅಂತ ಮಾಡಿದ ಹಾಗಿದೆ."

ನಲವತ್ತಾರು ವರ್ಷದಲ್ಲಿ ಅಮ್ಮ ನನ್ನ ಕೈಯಡುಗೆ ಹೊಗಳಿದ್ದು ಅದೇ ಮೊದಲು. ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ! ಅದೇ ಉಬ್ಬಿದ ಎದೆಯೊಂದಿಗೆ ತಿರುಗಿ ನೋಡಿದರೆ, ದೊರೆ ಬಟ್ಟಲಿಗೆ ಬೆನ್ನು ಹಾಕಿ ಕೂತಿದ್ದಾನೆ. ಮೂಸಿ ನೋಡಿ, ಒಂದು ಸೀನು ಸೀನಿ, ಹಾಗೇ ತಿರುಗಿ ಕೂತವನು. ನಾನು ಬೆರಳದ್ದಿ ನೆಕ್ಕಿದೆ. ಉಪ್ಪು. ಮೆಣಸು. ಈರುಳ್ಳಿ.

ಬಟ್ಟಲನ್ನು ಎತ್ತಿ ಮೇಲಿಟ್ಟೆ. ದೊರೆ ಮುಟ್ಟಿರಲಿಲ್ಲ, ಪುಣ್ಯ. ಹಾಗಾದರೆ ಅಮ್ಮ ಎರಡು ಸಲ ಹಾಕಿಸಿಕೊಂಡದ್ದು?

ಬಚ್ಚಲಿಗೆ ಹೋಗಿ ಚಿಲಕ ಹಾಕಿ ದೊರೆಯ ಡಾಕ್ಟರಿಗೆ ಫೋನ್ ಮಾಡಿದೆ.

"ಸಾರ್, ನಮ್ಮ ದೊರೆಯ ಊಟ ಬೇರೆಯವರು ತಿಂದ್ರೆ ಏನಾದ್ರೂ ತೊಂದ್ರೆನಾ?"

"ತೂಕ ಎಷ್ಟು?"

"ಐವತ್ತೆಂಟು ಕೆಜಿ."

"ಅಬ್ಬಾ! ಯಾವ ತಳಿ?"

"ನಮ್ಮಮ್ಮ, ಸಾರ್."

ಆ ಕಡೆ ಅವರು ಕೆಮ್ಮಿನ ಮರೆಯಲ್ಲಿ ನಗು ನುಂಗಿದರು. ಆಮೇಲೆ, "ತರಕಾರಿ, ಅಕ್ಕಿ ತಾನೆ? ಏನೂ ಆಗಲ್ಲ. ಆದ್ರೆ ಅವರಿಗೆ ಹೇಳಿಬಿಡಿ," ಅಂದರು.

ಹೇಳಬೇಕಿತ್ತು. ಬಾಗಿಲು ತೆಗೆದು ಬಂದೆ. "ನಾಳೆಗೂ ಅದನ್ನೇ ಇಡ್ತೀಯಾ ಮಗ?" ಅಂದಳು ಅಮ್ಮ, ಎಳೆಯ ಮಕ್ಕಳ ಹಾಗೆ ಆಸೆಯಿಂದ. ಹೊಗಳಿಕೆಯ ರುಚಿ ಕಂಡ ನಾಲಿಗೆ ಹೊರಳಲಿಲ್ಲ. "ಓ, ಅದಕ್ಕೇನಂತೆ!" ಅಂದುಬಿಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಶಿಕ್ಷೆ. ಯಾವ ಡಬ್ಬಿಯಲ್ಲಿ ಏನಿದೆ ಅಂತ ನಂಬುವ ಹಾಗಿಲ್ಲ, ಇದ್ದದ್ದರಲ್ಲೂ ಅಮ್ಮ ದೊರೆಯ ಪಾಲು ತಿನ್ನುತ್ತಿದ್ದಾಳೆ. ಅಂಗಡಿಯಿಂದ ಬರುವಾಗ ಕುಂಬಳಕಾಯಿಯನ್ನು ಕಳ್ಳಮಾಲಿನ ಹಾಗೆ ಚೀಲದಲ್ಲಿ ಮುಚ್ಚಿ ತಂದೆ. ಒಂದು ತಿಂಗಳು ರಜೆ ಕೇಳಿದವನು ಗುರುವಾರವೂ ಶುಕ್ರವಾರವೂ ಒಲೆ ಮುಂದೆ ಬೆವರಿದೆ, ಅದೂ ನಾಯಿಯ ಅಡುಗೆಗೆ, ಅದೂ ಅಮ್ಮನಿಗೆ ಬಡಿಸಲು!

ಶುಕ್ರವಾರ ಅಮ್ಮ ಬಾಂಬು ಹಾಕಿದಳು. "ನಾಳೆ ಮಧ್ಯಾಹ್ನ ಊಟಕ್ಕೆ ಹೆಡ್‌ಮಿಸ್‌ಗೆ ಬರೋಕೆ ಹೇಳಿದ್ದೀನಿ. ಅದೇ ಕುಂಬಳಕಾಯಿದು ಮಾಡು. ನನ್ನ ಮಗ ಮಾಡೋದು ಅಂದ್ರೆ ಅವರು ನಂಬ್ತಾನೇ ಇಲ್ಲ!"

ಹೆಡ್‌ಮಿಸ್ ಅಮ್ಮನ ವಾಕಿಂಗ್ ಗೆಳತಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಶನಿವಾರ ಸರಿಯಾಗಿ ಹನ್ನೆರಡೂವರೆಗೆ ಬಂದರು. ಹೆಂಡತಿಗೂ ಅವತ್ತು ರಜೆ. ದೊರೆಯನ್ನು ಕೋಣೆಯಲ್ಲಿ ಕೂಡಿ ಹಾಕಿ ಬಡಿಸಿದೆ.

ಹೆಂಡತಿ ಮೊದಲ ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದಳು. ಆ ನೋಟಕ್ಕೆ ಸೂಜಿ ಸಿಕ್ಕಿಸಿದರೆ ಇಂಜೆಕ್ಷನ್!

ಹೆಡ್‌ಮಿಸ್ ತಿಂದು, ತಲೆದೂಗಿ, ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದರು.

"ಹೇಳಪ್ಪ, ಬರ್ಕೋತೀನಿ. ಕುಂಬಳಕಾಯಿ ಎಷ್ಟು?"

"ಎ... ಎರಡು ಕೆಜಿ."

"ಈರುಳ್ಳಿ?"

"ಅಯ್ಯೋ, ಈರುಳ್ಳಿ ವಿಷ!"

"ವಿಷಾನಾ? ಯಾರಿಗೆ?"

ಉತ್ತರ ನಾನು ಕೊಡಬೇಕಾಗಲಿಲ್ಲ. ಕೋಣೆಯ ಬಾಗಿಲು ತಳ್ಳಿಕೊಂಡು ಬಂದ ದೊರೆ ಎರಡೂ ಮುಂಗಾಲು ಹೆಡ್‌ಮಿಸ್ ತೊಡೆಯ ಮೇಲಿಟ್ಟು, ಅವರ ತಟ್ಟೆಯನ್ನು ನೋಡಿ, ಮನೆ ಕಳೆದುಕೊಂಡವನ ಹಾಗೆ ಊಳಿಟ್ಟ.

"ನೀವು ಹೇಳ್ತೀರೋ, ನಾನು ಹೇಳ್ಲೋ?" ಅಂದಳು ಹೆಂಡತಿ, ಮೆಲ್ಲಗೆ.

ಹೇಳಿದೆ. ಡಬ್ಬಿ, ಮುಚ್ಚಳ, ಬುಧವಾರ, ಎಲ್ಲ ಹೇಳಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ. ನಾನು ಉಪ್ಪಿಲ್ಲದ್ದು ತಿನ್ನಿಸಿ ಎರಡು ಲೋಟ ಗಟಗಟ ಕುಡಿದೆ!

ಹೆಡ್‌ಮಿಸ್ ಪೆನ್ನಿಗೆ ಮುಚ್ಚಳ ಹಾಕಿದರು. "ನನ್ನ ಶಾಲೇಲಿ ಇದಕ್ಕೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ," ಅಂದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಹೆಂಡತಿಯೂ ನಕ್ಕಳು. ನಾನೂ ಹಲ್ಲು ಕಿರಿದೆ. ಪಾರಾದೆ ಅಂದುಕೊಂಡೆ.

ಅಮ್ಮ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ತಟ್ಟೆಯಲ್ಲಿದ್ದದ್ದನ್ನು ಕೊನೆಯ ಅಗುಳಿನವರೆಗೂ ತಿಂದು ಮುಗಿಸಿದಳು.

ಹೆಡ್‌ಮಿಸ್ ಹೋದ ಮೇಲೆ ಅಮ್ಮನ ಕೋಣೆಗೆ ಹೋದೆ. ಮಂಚದ ಮೇಲೆ ಕೂತು ಟವೆಲ್ ಮಡಚುತ್ತಿದ್ದಳು.

"ತಪ್ಪಾಯ್ತಮ್ಮ. ನಾಯಿ ಊಟ ಹಾಕಿಬಿಟ್ಟೆ."

"ಅದಕ್ಕೆ ಬೇಜಾರಿಲ್ಲ ಕಣೋ. ಒಳ್ಳೇ ಊಟ." ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. "ನನಗೆ ಬೀಪಿ, ಉಪ್ಪು ಬೇಡ ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ನಿನ್ನ ಹೆಂಡ್ತಿ ಬೆಳಗ್ಗೆ ನನ್ನದು ಬೇರೆ ತೆಗೆದಿಡ್ತಾಳೆ. ಸಂಜೆ ನೀನು ಮಾಡಿದ್ದಕ್ಕೆ ನೀರು ಬೆರೆಸಿಕೊಂಡು ತಿಂತಿದ್ದೆ. ಬುಧವಾರ ಬಾಯಿಗಿಟ್ಟಾಗ, ಅಂತೂ ನನ್ನ ಮಗ ಡಾಕ್ಟ್ರನ್ನ ಕೇಳಿ ನನಗೆ ಅಂತ ಮಾಡಿದಾನೆ ಅಂದ್ಕೊಂಡೆ. ಕೇಳಿದ್ದೇನೋ ನಿಜ, ಬೇರೆ ಡಾಕ್ಟ್ರನ್ನ."

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅತ್ತಿದ್ದರೆ ಕಣ್ಣೊರೆಸುತ್ತಿದ್ದೆ. ಅವಳು ಟವೆಲ್ ಮಡಚುತ್ತಿದ್ದಳು. ನಾನು ನೆಲದೊಳಗೆ ಇಳಿದುಹೋಗಲು ಜಾಗ ಹುಡುಕುತ್ತಿದ್ದೆ.

ಸೋಮವಾರ ಬೆಳಗ್ಗೆ ಹೆಂಡತಿಯ ಹತ್ತಿರ ನಂಬರು ಇಸಕೊಂಡು, ಅಮ್ಮನ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಮ್ಮನ ಹೆಸರು ಹೇಳಿ, ಅವಳಿಗೆ ಏನು ಕೊಡಬೇಕು, ಏನು ಕೊಡಬಾರದು, ಎಲ್ಲ ಬರೆದುಕೊಳ್ಳಬೇಕು ಅಂದೆ. ಅಲ್ಲಿ ಫೋನ್ ಎತ್ತಿದ ಹೆಣ್ಣುಮಗಳು ಬಹಳ ಮರ್ಯಾದಸ್ಥೆ.

"ಸಾರ್, ನೀವು ಅವರಿಗೆ ಏನಾಗಬೇಕು? ಯಾವಾಗಲೂ ಜೊತೇಲಿ ಅವರ ಮಗಳು ಬರ್ತಾರೆ."

"ಅವಳು ಸೊಸೆ. ನಾನು ಮಗ."

"ಹೌದಾ ಸಾರ್?" ಪಾಪ, ನಿಜವಾಗಿಯೂ ಸಂತೋಷಪಟ್ಟಳು. "ಅಜ್ಜಿಗೆ ಮಗ ಇದ್ದಾರಾ!"