ಎರಡು ಎಡತೋಳಿನ ಕೋಟು

ಕೋಟು ಹೊಲಿಯಲು ದರ್ಜಿಯೇ ಆಗಬೇಕೆಂದು ಯಾವ ಶಾಸನದಲ್ಲಿ ಬರೆದಿದೆ? ಬಟ್ಟೆ ಅಂಗಡಿಯಲ್ಲಿ ಮೂವತ್ನಾಲ್ಕು ವರ್ಷ ಗಜಕಡ್ಡಿ ಹಿಡಿದು ನಿಂತವನು ನಾನು. ಕಣ್ಣು ಮುಚ್ಚಿ ಮುಟ್ಟಿದರೂ ಬಟ್ಟೆಯ ವಂಶಾವಳಿ ಹೇಳಬಲ್ಲೆ. ಅಳೆದು ಹರಿದುಕೊಟ್ಟದ್ದೇ ಹೊರತು ಒಂದು ಗುಂಡಿಯನ್ನೂ ಹೊಲಿದವನಲ್ಲ ಎಂಬ ಸಣ್ಣ ವಿಷಯ ಆಗ ನನಗೆ ಹೊಳೆಯಲಿಲ್ಲ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆ ಶುಕ್ರವಾರ ಅವಳ ಕೆಲಸದ ಕೊನೆಯ ದಿನ. ಅಂಗಡಿಯ ಉಡುಗೊರೆ ಯಾರು ಬೇಕಾದರೂ ಕೊಟ್ಟಾರು. ನಾನು ನಮ್ಮ ಸಂಸಾರವನ್ನೇ ತುಂಡು ತುಂಡಾಗಿ ಜೋಡಿಸಿ, ಕೌದಿಯಂಥ ಕೋಟು ಹೊಲಿದು ತೊಡಿಸುವೆನೆಂದು ಘೋಷಿಸಿದೆ.

“ಪೆಟ್ಟಿಗೆ ಒಳಗಿರೋ ಹಳೇ ಬಟ್ಟೆ ಏನು ಬೇಕಾದ್ರೂ ತಗೊಳ್ಳಿ,” ಎಂದಳು. “ಬೆರಳು ಮಾತ್ರ ಕತ್ತರಿಸ್ಕೋಬೇಡಿ. ಇನ್ನು ನಾಲ್ಕೇ ದಿನ ಡ್ಯೂಟಿ ಇರೋದು.”

ಪೆಟ್ಟಿಗೆ ತೆರೆದವನು ಅರ್ಧ ದಿನ ಅಲ್ಲೇ ಕುಳಿತೆ. ಮೊದಲು ಸಿಕ್ಕಿದ್ದು ನಮ್ಮ ಮೊದಲ ಬಾಡಿಗೆ ಕೋಣೆಯ ಹಸಿರು ಪರದೆ. ಕಿಟಕಿ ಬೀದಿಗೆ ಸಮನಾಗಿತ್ತು, ಪರದೆ ಗೇಣುದ್ದ ಗಿಡ್ಡ. ಬೆಳಗ್ಗೆ ಆ ಸಂದಿಯಲ್ಲಿ ಅವಳ ಚಪ್ಪಲಿ ಕಂಡರೆ ಪಾಳಿ ಮುಗಿಯಿತೆಂದು ನಾನು ಟೀಗೆ ನೀರಿಡುತ್ತಿದ್ದೆ. ಅದರಡಿ ಮಗಳ ಶಾಲೆಯ ಲಂಗ, ಅವಳು ಬೆಳೆದಂತೆ ಮೂರು ಸಲ ಅಂಚು ಬಿಚ್ಚಿದ ಗೆರೆಗಳ ಸಮೇತ. ಇಬ್ಬರೂ ಒಂದರಲ್ಲೇ ನಡೆದು ಇಬ್ಬರೂ ಅರ್ಧರ್ಧ ನೆನೆಯುತ್ತಿದ್ದ ಕೊಡೆಯ ಕಪ್ಪು ಬಟ್ಟೆ. ಈಗ ನನ್ನ ಒಂದೇ ತೊಡೆಗೆ ಸರಿಹೋಗುವ ಮದುವೆ ಪ್ಯಾಂಟು. ಆ ದಿನಗಳು ಎಷ್ಟು ಬೇಗ ಮುಗಿದವೆಂದು ನಿಜಕ್ಕೂ ಕಣ್ಣು ತುಂಬಿತು. ಆಮೇಲೆ ಕತ್ತರಿ ಎತ್ತಿಕೊಂಡೆ.

ಕೊಡೆಯ ಬಟ್ಟೆ ಸೂಜಿಯಡಿ ನಿಲ್ಲದೆ ಜಾರಿತು. ಪ್ಯಾಂಟು ಎರಡು ಸೂಜಿ ಮುರಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಹೊಲಿಗೆ ಮಿಷನ್ನನ್ನು ಬೈದೆ. ಅಂತೂ ಗುರುವಾರ ಮಧ್ಯಾಹ್ನಕ್ಕೆ ಮೈಭಾಗ ಸಿದ್ಧವಾಗಿ, ಪರದೆಯಲ್ಲಿ ಕತ್ತರಿಸಿದ ತೋಳುಗಳನ್ನು ಇಟ್ಟು ನೋಡಿದರೆ ಎರಡೂ ಎಡಗೈಯವು! ಎರಡನೆಯದನ್ನು ಮಗುಚಿ ಹಾಕಿ ಕತ್ತರಿಸಬೇಕೆಂಬುದು ಗಜಕಡ್ಡಿಗೆ ಗೊತ್ತಿರಲಿಲ್ಲ.

ಪರದೆ ಮುಗಿದಿತ್ತು. ಸುತ್ತ ನೋಡಿದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಮಾಸಲು ನೀಲಿಯ ಹಳೇ ಯೂನಿಫಾರ್ಮ್ ಇತ್ತು. ಗೋಡೆಯ ಮೊಳೆಗೆ ಗರಿಗರಿ ಹೊಸದು ನೇತಾಡುತ್ತಿತ್ತು. ನಾಳೆಗೆ ಹೊಸದು, ಬಲತೋಳಿಗೆ ಹಳೆಯದು ಎಂದು ತೀರ್ಮಾನಿಸಲು ತಜ್ಞನಾದ ನನಗೆ ಕ್ಷಣವೂ ಬೇಕಾಗಲಿಲ್ಲ.

ಸಂಜೆ ಅವಳು ಬಂದವಳೇ ಪೆಟ್ಟಿಗೆಯ ಕಡೆ ನೋಡಿದಳು.

“ಇಲ್ಲಿ ಒಂದು ಯೂನಿಫಾರ್ಮ್ ಇಟ್ಟಿದ್ದೆ.”

“ಆ ಮಾಸಲುದಾ? ಅದರಲ್ಲಿ ಜೀವಾನೇ ಇರಲಿಲ್ಲ ಕಣೇ. ಅನುಭವದ ಮೇಲೆ ಹೇಳ್ತಿದೀನಿ.”

“ಅದು ನನ್ನ ಮೊದಲನೇ ಯೂನಿಫಾರ್ಮ್ ರೀ. ಎರಡೂ ಪಕ್ಕ ಬಿಚ್ಚಿ ಅಗಲ ಮಾಡ್ಕೊಂಡಿದ್ದೆ. ಮೊದಲನೇ ದಿನ ಹಾಕ್ಕೊಂಡು ಹೋಗಿದ್ದನ್ನೇ ನಾಳೆ ಹಾಕ್ಕೊಂಡು ವಾರ್ಡಿಗೆ ಹೋಗ್ಬೇಕು ಅಂತಿತ್ತು.”

“ಪೆಟ್ಟಿಗೇದು ತಗೋ ಅಂದಿದ್ಯಲ್ಲ…”

“ಒಳಗಿಂದು ಅಂದೆ. ಮೇಲಿಂದು ಅಂದ್ನಾ?”

ಅಷ್ಟೇ. ಬೈಯಲಿಲ್ಲ. ಬೈಗುಳವಾದರೆ ನನಗೆ ಅಭ್ಯಾಸವಿತ್ತು. ಅವಳು ಆ ನೀಲಿ ತೋಳನ್ನು ಮಡಿಲಲ್ಲಿಟ್ಟು ಸವರುತ್ತಾ ಕೂತಳು. ನಮ್ಮ ಸಂಸಾರದ ಮೂವತ್ತೊಂದು ವರ್ಷದಲ್ಲಿ ಅವಳು ತನಗಾಗಿ ಆಸೆಪಟ್ಟದ್ದು ತೀರಾ ಕಡಿಮೆ, ಅದರಲ್ಲೊಂದಕ್ಕೆ ನಾನು ಕತ್ತರಿ ಹಾಕಿದ್ದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಆದರೂ ಚಿಂತಿಸಿದೆ.

ಶುಕ್ರವಾರ ಅವಳು ಹೊಸ ಯೂನಿಫಾರ್ಮ್ ಹಾಕಿ, ಅದರ ಮೇಲೆ ಕೋಟು ತೊಟ್ಟಳು. ಬಲತೋಳು ಎರಡು ಬೆರಳು ಗಿಡ್ಡವಿತ್ತು. ಅದನ್ನು ಎಳೆದು ಸರಿಮಾಡಿಕೊಂಡು, “ನಡೀರಿ, ಬಸ್ಸು ಹೋಗುತ್ತೆ,” ಎಂದಳು.

ಬೀಳ್ಕೊಡುಗೆಗೆ ವಾರ್ಡೆಲ್ಲ ಸೇರಿತ್ತು. ಯಾರ ಕಣ್ಣೂ ಕೋಟು ಬಿಟ್ಟು ಕದಲಲಿಲ್ಲ. ದೊಡ್ಡ ಡಾಕ್ಟರು ನೀಲಿ ತೋಳನ್ನು ಮುಟ್ಟಿ, “ನಮ್ಮ ಹಳೇ ಯೂನಿಫಾರ್ಮ್ ಅಲ್ವಾ ಇದು? ತುಂಬಾ ಚೆನ್ನಾಗಿದೆ ಸಿಸ್ಟರ್. ಯಾರು ಹೊಲಿದಿದ್ದು?” ಎಂದರು.

ನಾನು ಗಂಟಲು ಸರಿಮಾಡಿಕೊಂಡು, ವಿನಯದ ನಗು ಸಿದ್ಧಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ನನ್ನ ಹಳೇ ಪೇಷೆಂಟ್ ಒಬ್ರು ಡಾಕ್ಟ್ರೇ. ಮೂವತ್ತೊಂದು ವರ್ಷದಿಂದ ನಾನೇ ನೋಡ್ಕೋತಿದೀನಿ, ಗುಣ ಆಗೋ ಲಕ್ಷಣ ಕಾಣ್ತಿಲ್ಲ. ಅದಕ್ಕೇ ನಾಳೆಯಿಂದ ಅವರೊಬ್ಬರಿಗೇ ಡ್ಯೂಟಿ ಹಾಕ್ಕೊಂಡಿದೀನಿ.”