ಧಾರಾವಿಗೆ ಹಾರಿ ಬಂದ ಡಾಕ್ಟರುಗಳು

ಎರಡು ಭಾಷೆಗಳ ನಡುವೆ ಕುರ್ಚಿ ಹಾಕಿ ಕೂತವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ನಾನು ಬೈಕುಲ್ಲಾದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಪ್ರತಿ ಚಳಿಗಾಲ ಹೊರದೇಶದ ಮೂವರು ಡಾಕ್ಟರುಗಳು ವಿಮಾನದಲ್ಲಿ ಬಂದು, ಒಂದು ವಾರ ಧಾರಾವಿಯ ಹಾಲ್ ಒಂದರಲ್ಲಿ ಪುಕ್ಕಟೆ ಕ್ಲಿನಿಕ್ ನಡೆಸಿ, ಮತ್ತೆ ಹಾರಿ ಹೋಗುತ್ತಾರೆ. ಆ ವಾರ ರಜೆ ಹಾಕಿ ನಾನೂ ಅಲ್ಲಿರುತ್ತೇನೆ. ರೋಗಿಗಳಲ್ಲಿ ಬಹಳ ಮಂದಿ ಕಲಬುರಗಿ, ಯಾದಗಿರಿ ಕಡೆಯವರು. ಅವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ದಾಟಿಸುವುದು ನನ್ನ ಸೇವೆ. ನನ್ನದು ಉಡುಪಿ ಕನ್ನಡವಾದ್ದರಿಂದ ಒಮ್ಮೊಮ್ಮೆ ನನಗೇ ಒಬ್ಬರು ದುಭಾಷಿ ಬೇಕಾಗುತ್ತದೆ.

ಆರಾಮ

ಕಿರಿಯ ಡಾಕ್ಟರಿಗೆ ಒಂದಾದರೂ ಕನ್ನಡ ಪದ ತಾನೇ ಆಡಬೇಕೆಂದು ಆಸೆ. "ಆರಾಮ?" ಎಂದು ಕೇಳಲು ಕಲಿಸಿ ನಾನು ಮಾತ್ರೆ ಜೋಡಿಸಲು ಹೋದೆ. ಸ್ವಲ್ಪ ಹೊತ್ತಿಗೆ ಅವರು ಬಾಡಿದ ಮುಖ ಹೊತ್ತು ಬಂದರು. ಇಲ್ಲಿ ಯಾರಿಗೂ ಕಾಯಿಲೆಯೇ ಇಲ್ಲ, ನೆಗಡಿ ಕೂಡ ಇಲ್ಲ, ನಾವು ಇಷ್ಟು ದೂರ ಬಂದದ್ದು ಯಾಕೆ ಎಂದರು.

ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಸೊಂಟ ಹಿಡಿದುಕೊಂಡು ಬಂದ, ಗಾರೆ ಕೆಲಸದ ಗೌಂಡಿಯೊಬ್ಬರಿಗೆ ಡಾಕ್ಟರ್ ನಕ್ಕು "ಆರಾಮ?" ಅಂದರು. ಅವರು ನೋವಿನಲ್ಲೇ ಕೈ ಮುಗಿದರು. "ಆರಾಮ ಅದೀನ್ರೀ ಸಾಹೇಬ್ರ. ನೀವು?"

ಆ ಕಡೆಯಲ್ಲಿ ಜ್ವರ ಸುಡುತ್ತಿದ್ದರೂ ಮೊದಲು ಹೀಗೆ ಹೇಳಿ, ಆಮೇಲೆ ಕಷ್ಟ ಹೇಳಿಕೊಳ್ಳುವುದು ಮರ್ಯಾದೆ. ಡಾಕ್ಟರು ಆ 'ಆಮೇಲೆ'ಗೆ ಕಾದಿರಲಿಲ್ಲ. "ನೀವು" ಅಂದರೆ ಏನೆಂದು ಕೇಳಿದರು, ಹೇಳಿದೆ. ಸ್ವಲ್ಪ ಯೋಚಿಸಿ, ನಿನ್ನೆ ಸ್ಟೇಷನ್ ಬಳಿ ತಿಂದ ವಡಾ ಪಾವ್‌ನಿಂದ ತನ್ನ ಹೊಟ್ಟೆ ಕೆಟ್ಟಿದೆ ಎಂದು ಇದ್ದದ್ದನ್ನು ಹೇಳಿಬಿಟ್ಟರು. ನಾನದನ್ನು ಕನ್ನಡದಲ್ಲಿ ಹೇಳಿದ್ದೇ ಸಾಲೆಲ್ಲ ಮರುಗಿತು. ಒಬ್ಬರು ಓಂಕಾಳು ತರಲು ಓಡಿದರು, ಇನ್ನೊಬ್ಬರು ಬಿಸಿನೀರು ತಂದರು, ಗೌಂಡಿ ಸೊಂಟ ಮರೆತು ಗಾಳಿ ಬೀಸಿದರು.

ಆ ಬೆಳಿಗ್ಗೆ ನಮ್ಮ ಕ್ಲಿನಿಕ್ಕಿಗೆ ಸಿಕ್ಕ ರೋಗಿ ಡಾಕ್ಟರ್ ಒಬ್ಬರೇ.

ಉಪ್ಪು

ನಮಗೆ ದಿನಾ ಮಧ್ಯಾಹ್ನದ ಊಟ ಕಳಿಸುವವರು ಗ್ರಾಂಟ್ ರೋಡಿನ ಹೋಟೆಲ್ ಮಾಲೀಕರು, ನಮ್ಮ ಊರ ಕಡೆಯವರೇ. ಒಂದು ದಿನ ತಾವೂ ತೋರಿಸಿಕೊಳ್ಳಲು ಬಂದರು. ಬಿಪಿ ಏರಿತ್ತು. ಮೂವರಲ್ಲಿ ಒಬ್ಬರಾದ ಡಾಕ್ಟರಮ್ಮ ಬಹಳ ಹೊತ್ತು ಬುದ್ಧಿ ಹೇಳಿದರು: ಉಪ್ಪು, ಎಣ್ಣೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ವಿಷ ಅಂತಲೇ ತಿಳಿಯಿರಿ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು ಹೋದರು.

ಮರುದಿನ ಡಬ್ಬಿ ಬಿಚ್ಚಿದರೆ ಬೇಯಿಸಿದ ಎಲೆಕೋಸು, ಒಗ್ಗರಣೆಯಿಲ್ಲದ ತೊವ್ವೆ, ಅನ್ನ. ಯಾವುದರಲ್ಲೂ ಒಂದು ಹರಳು ಉಪ್ಪಿಲ್ಲ. ಫೋನ್ ಮಾಡಿ ಕೇಳಿದೆ.

"ವಿಷ ಅಂತ ಗೊತ್ತಾದ ಮೇಲೆ ಮನೆಗೆ ಬಂದವರಿಗೆ ಹೇಗೆ ಬಡಿಸುವುದು ಅಕ್ಕ?" ಅಂದರು.

ಡಾಕ್ಟರಮ್ಮ ಎರಡನೇ ಚಮಚ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಆ ಸಲಹೆ ಅವರೊಬ್ಬರ ತಟ್ಟೆಗೆ ಮಾತ್ರ ಅಂತ ಹೇಳಿ. ನಮ್ಮ ಬಿಪಿ ಚೆನ್ನಾಗಿದೆ."

ನಿದ್ದೆ

ಹಿರಿಯ ಡಾಕ್ಟರ್ ಒಮ್ಮೆ ತಡವಾಗಿ ಬಂದಿಳಿದು, ಏರ್‌ಪೋರ್ಟಿನಿಂದ ನೇರ ಕ್ಲಿನಿಕ್ಕಿಗೇ ಬಂದರು. ಮೊದಲ ರೋಗಿ ಯಾದಗಿರಿಯ ಹೆಂಗಸು, ಬಿಲ್ಡಿಂಗ್ ಕೆಲಸದವರು. ತಿಂಗಳುಗಳಿಂದ ಅವರಿಗೆ ನಿದ್ದೆ ಇಲ್ಲ. ಹಗಲೆಲ್ಲ ಎತ್ತರದ ಮಹಡಿಯಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಾರೆ; ರಾತ್ರಿ ಚಾಪೆಯ ಮೇಲೆ ಮಲಗಿದರೂ ನೆಲ ತೂಗಿದಂತಾಗಿ, ಎಲ್ಲಿ ಬೀಳುತ್ತೇನೋ ಎಂದು ಗಾಬರಿಯಿಂದ ಎದ್ದು ಕೂರುತ್ತಾರೆ. ಹೀಗೇ ಆದರೆ ಒಂದು ದಿನ ಅಲ್ಲಿಂದ ನಿಜವಾಗಿ ಬಿದ್ದೇನು ಅಂದರು.

ಡಾಕ್ಟರ್ ತಲೆದೂಗಿದರು. ವಿಮಾನ ಇಳಿದಾಗಿನಿಂದ ತನಗೂ ನೆಲ ತೂಗುತ್ತಲೇ ಇದೆ ಅಂದರು. ಆಮೇಲೆ ಆಕೆಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ನಿಧಾನವಾಗಿ ಉಸಿರಾಡಲು ಹೇಳಿ, ಕಣ್ಣು ಮುಚ್ಚಿ ಆಲಿಸತೊಡಗಿದರು. ಆಲಿಸುತ್ತ ಆಲಿಸುತ್ತ ಡಾಕ್ಟರ ಬಿಳಿ ತಲೆ ಬಾಗಿ ಆ ಬೆನ್ನಿಗೇ ಆತುಕೊಂಡಿತು. ಸಣ್ಣಗೆ ಗೊರಕೆ ಕೇಳಿಸಿತು.

ನಾನು ಎಬ್ಬಿಸಲು ಹೋದೆ. ಆಕೆ ಅಲುಗದೆ ಬೆರಳೆತ್ತಿ ತಡೆದರು.

"ಸುಮ್ನಿರ್ರೀ ಅಕ್ಕಾರ. ಮಕ್ಕೊಳ್ಳಿ ಬಿಡ್ರಿ. ಪಾಪ, ಎಷ್ಟ್ ದೂರದಿಂದ ಬಂದಾರ."

ಸಾಲಿನಲ್ಲಿದ್ದವರ ಪಿಸುಮಾತೂ ನಿಂತಿತು. ಫ್ಯಾನ್ ತಿರುಗುತ್ತಿತ್ತು. ಮೇಲಿನ ಮಾಳಿಗೆಯ ಹೊಲಿಗೆ ಯಂತ್ರಗಳ ಸದ್ದು ಎಲ್ಲೋ ದೂರದ ಮಳೆಯಂತಿತ್ತು. ತಗಡಿನ ಗೋಡೆಯ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ಇಳಿಯುವ ಅವಸರವಿಲ್ಲದೆ ತೇಲುತ್ತಿದ್ದವು. ಆಕೆಯ ರೆಪ್ಪೆಗಳೂ ಮುಚ್ಚಿದವು. ಒಬ್ಬರಿಗೊಬ್ಬರು ಆತುಕೊಂಡಿದ್ದ ಆ ಇಬ್ಬರೊಂದಿಗೆ ಬೆಂಚಿನವರೆಲ್ಲ ತೂಕಡಿಸಿದರು. ನಾನೂ ಗೋಡೆಗೆ ಒರಗಿದ್ದು ನೆನಪಿದೆ. ಧಾರಾವಿ ಒಂದು ದೋಣಿಯಾಗಿ ಮೆಲ್ಲಗೆ ಹೊರಟಂತಿತ್ತು.

ನನಗೆ ಎಚ್ಚರವಾದಾಗ ಡಾಕ್ಟರ್ ನಾಚಿ ಕೆಂಪಾಗಿ ಮತ್ತೆ ಮತ್ತೆ ಕ್ಷಮೆ ಕೇಳುತ್ತಿದ್ದರು. ಆಮೇಲೆ ಸರಿಯಾಗಿ ಪರೀಕ್ಷಿಸಿದರೆ, ಆಕೆಗೆ ರಕ್ತ ಕಡಿಮೆಯಿತ್ತು. ಮಾತ್ರೆ ಕೊಟ್ಟು, ಸ್ವಲ್ಪ ದಿನ ಕೆಳಗಿನ ಕೆಲಸವನ್ನೇ ಕೊಡುವಂತೆ, ಕೂಲಿಯವರಿಗೆ ಕೆಲಸ ಹಂಚುವ ಮುಕಾದಮನಿಗೆ ಫೋನ್ ಮಾಡಿಸಿದರು. ಆತ ಒಪ್ಪಿದ.

ಮರುದಿನ ಬೆಳಿಗ್ಗೆ ಆಕೆ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಬಂದರು. ಕಿರಿಯ ಡಾಕ್ಟರ ಮುಂದೆ ಜಾಗ ಖಾಲಿ ಇತ್ತು, ಅಲ್ಲಿ ಕೂರಲು ಹೇಳಿದೆ. ಆಕೆ ಆ ಡಾಕ್ಟರನ್ನು ಒಮ್ಮೆ ದಿಟ್ಟಿಸಿ ನೋಡಿ ನನ್ನ ಕಿವಿಯ ಬಳಿ ಬಾಗಿದರು.

"ಎಚ್ಚರ ಇರೋ ಡಾಕ್ಟರ್ ಬ್ಯಾಡ್ರೀ ಅಕ್ಕಾರ. ಈ ಹೆಣ್ಮಕ್ಕಳಿಗೂ ನಿದ್ದಿ ಇಲ್ಲ. ನಿನ್ನಿ ಮಕ್ಕೊಂಡಿದ್ರಲ್ಲ, ಅವರ ಕಡೀನೇ ಕಳಸ್ರಿ."