ಎರಡು ಗೋಣಿಚೀಲದ ಅರ್ಜಿ

ನಮ್ಮ ತೊಗಟೆ ಸಂರಕ್ಷಣಾ ವಿಭಾಗವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಂದೇ ಒಂದು ಚೂರು ತೊಗಟೆಯನ್ನೂ ಕಳೆದುಕೊಂಡಿಲ್ಲ ಎಂಬುದನ್ನು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ. ಈ ವಿಭಾಗದ ಗುಮಾಸ್ತನಾಗಿ ನಾನು ಇದನ್ನು ಎದೆ ತಟ್ಟಿ ಹೇಳಬಲ್ಲೆ. ಏಕೆಂದರೆ ಪ್ರತಿಯೊಂದು ಚೂರೂ ನನ್ನ ಮೇಜಿನ ಮೇಲೆ ಹಾದುಹೋಗಿದೆ.

ವಿಭಾಗ ಹುಟ್ಟಿದ್ದು ಒಂದು ಅರ್ಜಿಯಿಂದ. ಊರಾಚೆ ಕೆರೆಯ ದಂಡೆಯಲ್ಲಿ ರಜೆ ಕಳೆಯಲು ಬರುವವರಿಗೆಂದು ಒಂದು ಬಯಲಿದೆ. ಅಲ್ಲಿ ಹದಿನಾಲ್ಕು ಮರಗಳಿದ್ದವು. ಬಂದವರು ಮರದಿಂದ ಮರಕ್ಕೆ ಹಗ್ಗ ಬಿಗಿದು ಟಾರ್ಪಾಲು ಹೊದಿಸುತ್ತಿದ್ದರು, ತೂಗುಹಾಸಿಗೆ ಕಟ್ಟಿ ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುತ್ತಿದ್ದರು. ಹಗ್ಗ ಸಣ್ಣದು, ಮಲಗುವವರು ಸಣ್ಣವರಲ್ಲ. ಹಗ್ಗ ತೊಗಟೆಯನ್ನು ಕೊರೆಯುತ್ತಿತ್ತು. ಅಲ್ಲಿನ ಮಾಲಿ ಇದನ್ನು ನೋಡಲಾರದೆ ನಮ್ಮ ಕಚೇರಿಗೆ ಬಂದು ಎರಡು ಹಳೆಯ ಗೋಣಿಚೀಲ ಬೇಕೆಂದು ಅರ್ಜಿ ಕೊಟ್ಟ. ಕೆಲಸದವರು ಹೊರಗಿನ ವಸ್ತುವನ್ನು ಅನುಮತಿಯಿಲ್ಲದೆ ಬಯಲಿನೊಳಗೆ ತರುವಂತಿಲ್ಲವಾದ್ದರಿಂದ ಅರ್ಜಿ ಕೊಡುವುದು ಅನಿವಾರ್ಯವಾಗಿತ್ತು.

"ಎರಡೇ ಸಾಕೇನಯ್ಯಾ?" ಎಂದು ಕೇಳಿದೆ.

"ಧಾರಾಳ ಸ್ವಾಮಿ. ಹರಿದು, ಮಡಚಿ, ಹಗ್ಗದಡಿ ಇಟ್ರೆ ಆಯ್ತು. ಹಗ್ಗದ ಬದಲು ನಾಲ್ಕು ಬೆರಳಗಲದ ಪಟ್ಟಿ ಕಟ್ಕೊಳ್ಳಿ ಅಂತ ಬಂದವರಿಗೂ ಹೇಳ್ತೀನಿ. ಏಳನೇ ಮರ ನಮ್ಮ ಮಗಳು ಹುಟ್ಟಿದ ವಾರ ನಾನೇ ನೆಟ್ಟಿದ್ದು. ಅವಳು ಮದುವೆಯಾಗಿ ದೂರ ಹೋಗಿದಾಳೆ. ಫೋನ್ ಮಾಡಿದ್ರೆ ಅಪ್ಪ ಹೇಗಿದೀಯಾ ಅಂತ ಕೇಳಲ್ಲ, ನನ್ನ ಮರ ಹೇಗಿದೆ ಅಂತಾಳೆ."

ಅರ್ಜಿ ಸಾಹೇಬರ ಮುಂದೆ ಹೋಯಿತು. ಸಾಹೇಬರು ಎರಡು ಸಲ ಓದಿ ಕನ್ನಡಕ ತೆಗೆದರು. "ಎರಡು ಗೋಣಿಚೀಲದಲ್ಲಿ ಮುಗಿಸೋ ವಿಷಯವೇನ್ರೀ ಇದು?" ಎಂದರು. ತಿಂಗಳೊಳಗೆ ಒಬ್ಬ ನಿರ್ದೇಶಕರು, ಒಬ್ಬ ಉಪನಿರ್ದೇಶಕರು, ಮೂವರು ತಪಾಸಕರು, ಒಂದು ಜೀಪು ಮತ್ತು ನಾನು ಸೇರಿ ವಿಭಾಗ ಆರಂಭವಾಯಿತು. ನಿರ್ದೇಶಕರ ಕುರ್ಚಿಯಲ್ಲಿ ಸಾಹೇಬರೇ ಕುಳಿತರು. ಗೋಣಿಚೀಲದ ವಿಷಯವನ್ನು ಪರಿಶೀಲನೆಗಾಗಿ ಕಾಯ್ದಿರಿಸಲಾಯಿತು.

ನಿಯಮಗಳು ಹೀಗಿದ್ದವು. ಪ್ರತಿ ಮರದ ತೊಗಟೆ ಸುರಕ್ಷಿತವಾಗಿದೆಯೆಂದು ಹದಿನೈದು ದಿನಕ್ಕೊಮ್ಮೆ ದೃಢೀಕರಿಸತಕ್ಕದ್ದು. ದೃಢೀಕರಣಕ್ಕೆ ಬಾಯಿಮಾತು ಸಾಲದು, ಅಂಗೈಯಗಲದ ತೊಗಟೆಯನ್ನು ಸಾಕ್ಷಿಯಾಗಿ ಕಡತಕ್ಕೆ ಲಗತ್ತಿಸತಕ್ಕದ್ದು. ಸಾಕ್ಷಿಯು ಮೂರು ಪ್ರತಿಗಳಲ್ಲಿ ಇರತಕ್ಕದ್ದು. ತೊಗಟೆಯ ನೆರಳಚ್ಚು ಪ್ರತಿಯನ್ನು ಯಾವ ಕಾರಣಕ್ಕೂ ಸ್ವೀಕರಿಸಲಾಗದು. ಹೋಲಿಕೆಗೆ ಅನುಕೂಲವಾಗಲೆಂದು ಎಲ್ಲ ತುಂಡುಗಳನ್ನೂ ಒಂದೇ ಎತ್ತರದಿಂದ ತೆಗೆಯಬೇಕೆಂದು ಉಪನಿರ್ದೇಶಕರು ಕೆಂಪು ಶಾಯಿಯಲ್ಲಿ ಸೇರಿಸಿದರು. ಆಮೇಲೆ ಅವರಿಗೆ ಬಡ್ತಿಯೂ ಆಯಿತು.

ತಪಾಸಕರು ಉಳಿ, ಸುತ್ತಿಗೆ ಹಿಡಿದು ಹೊರಟರು. ಮೊದಲ ದಿನವೇ ಮಾಲಿ ಏಳನೇ ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ.

"ಸ್ವಾಮಿ, ಹತ್ತು ವರ್ಷ ಹಗ್ಗ ಕಟ್ಟಿದ್ರೂ ಇಷ್ಟು ಕಿತ್ತಿರಲಿಲ್ಲ!"

"ಅದು ಹಾನಿ ಕಣಯ್ಯಾ. ಇದು ಮಾದರಿ" ಎಂದರು ತಪಾಸಕರು, ತಾಳ್ಮೆಯಿಂದಲೇ.

ಹಗ್ಗ ಉಜ್ಜಿದರೆ ಮಾದರಿಯ ಗುಣಮಟ್ಟ ಕೆಡುವುದಾದ್ದರಿಂದ ತೂಗುಹಾಸಿಗೆಗಳನ್ನು ನಿಷೇಧಿಸಲಾಯಿತು. ರಜೆಗೆ ಬಂದವರು ನೆಲದ ಮೇಲೆ ಮಲಗಿ ಇರುವೆ ಕಚ್ಚಿಸಿಕೊಂಡರು. ಆರನೇ ತಪಾಸಣೆಯ ಹೊತ್ತಿಗೆ ಮಾಲಿ ಮತ್ತೆ ಕಚೇರಿಗೆ ಬಂದ.

"ಸುತ್ತಲೂ ಬಳೆ ತೊಡಿಸಿದ ಹಾಗೆ ಸುಲಿದಿದೀರಿ ಸ್ವಾಮಿ. ತೊಗಟೆ ಇಲ್ದೆ ಮರ ಊಟ ಹೇಗೆ ಮಾಡುತ್ತೆ? ಸತ್ತೇಹೋಗುತ್ತೆ. ದಮ್ಮಯ್ಯ, ಆ ಏಳನೇದೊಂದನ್ನಾದ್ರೂ ಬಿಟ್ಟುಬಿಡಿ."

"ಒಂದನ್ನು ಬಿಟ್ರೆ ಅದು ಸುರಕ್ಷಿತವಾಗಿದೆ ಅಂತ ನಮಗೆ ಹೇಗಪ್ಪಾ ಗೊತ್ತಾಗಬೇಕು?" ಎಂದು ಸಾಹೇಬರು ಕೇಳಿದರು. ಆರನೇ ತಪಾಸಣೆಯೂ ಮುಗಿಯಿತು. ಏಳನೆಯದಕ್ಕೆ ಆ ಎತ್ತರದಲ್ಲಿ ತೊಗಟೆಯೇ ಉಳಿದಿರಲಿಲ್ಲ.

ಮುಂದಿನ ಬೇಸಿಗೆಗೆ ಹದಿನಾಲ್ಕೂ ಮರಗಳು ಎಲೆ ಉದುರಿಸಿದವು, ಮತ್ತೆ ಚಿಗುರಲಿಲ್ಲ. ಮಾಲಿ ಬಂದು ಬಾಗಿಲಲ್ಲೇ ನಿಂತ. ಸಾಹೇಬರು ಒಳಗೆ ಕರೆದು ಕೂರಿಸಿದರು. ಅವರು ಕೆಟ್ಟವರಲ್ಲ.

"ನೋಡಪ್ಪಾ, ಮರ ಒಣಗೋದು ನಮ್ಮ ವ್ಯಾಪ್ತಿಗೆ ಬರಲ್ಲ. ನಮ್ಮದು ತೊಗಟೆ. ತೊಗಟೆಗೇನಾದ್ರೂ ಆಗಿದ್ರೆ ಹೇಳು, ಈಗಲೇ ಕ್ರಮ ತಗೋತೀನಿ."

ನಾನು ಕಬ್ಬಿಣದ ಬೀರು ತೆಗೆದು ಏಳನೇ ಮರದ ಕಡತವನ್ನು ಅವನ ಮುಂದಿಟ್ಟೆ. ಹದಿನೆಂಟು ತುಂಡು, ಒಂದಕ್ಕೂ ಹುಳು ಹಿಡಿದಿಲ್ಲ, ನಡುನಡುವೆ ನುಸಿಗುಳಿಗೆ. ಮಾಲಿ ಒಂದು ತುಂಡನ್ನು ಎತ್ತಿ ಮೂಸಿದ. ಆಮೇಲೆ ಅದನ್ನು ಇದ್ದ ಜಾಗದಲ್ಲೇ ಇಟ್ಟ.

"ಮಗಳು ಕೇಳಿದ್ರೆ ಏನು ಹೇಳಲಿ ಸ್ವಾಮಿ?"

"ಬೀರುವಿನಲ್ಲಿ ಕ್ಷೇಮವಾಗಿದೆ ಅಂತ ಹೇಳು. ಸುಳ್ಳೇನಲ್ಲವಲ್ಲ" ಎಂದರು ಸಾಹೇಬರು.

ಆಗ ನನಗೆ ಸಂಕಟವಾಯಿತು. ಸಂಕಟಕ್ಕೆ ನಿಗದಿತ ನಮೂನೆ ಇಲ್ಲದ್ದರಿಂದ ಅದನ್ನು ದಾಖಲಿಸಿಲ್ಲ.

ಆ ವರ್ಷ ಹಗ್ಗದಿಂದ ತೊಗಟೆಗಾದ ಹಾನಿ ಸೊನ್ನೆ ಎಂಬ ಕಾರಣಕ್ಕೆ ವಿಭಾಗಕ್ಕೆ ಪ್ರಶಸ್ತಿ ಬಂತು. ಅದೇ ವಾರ ಎರಡು ಗೋಣಿಚೀಲವೂ ಮಂಜೂರಾಗಿ ಬಂದವು. ಬೀರುವಿನಲ್ಲಿ ಜಾಗ ಸಾಲದ್ದರಿಂದ ಉಳಿದ ತೊಗಟೆಯನ್ನು ಅವುಗಳಲ್ಲಿ ತುಂಬಿ ಬಾಯಿ ಹೊಲಿಯಲಾಯಿತು. ಹೀಗೆ ಅರ್ಜಿದಾರನ ಕೋರಿಕೆಯಂತೆ ಗೋಣಿಚೀಲಗಳು ತೊಗಟೆಯ ರಕ್ಷಣೆಗೇ ಬಳಕೆಯಾದವು. ಅರ್ಜಿ ಮುಕ್ತಾಯವಾಯಿತು.

ಒಣಮರಗಳನ್ನು ಕಡಿದು ಆ ಜಾಗದಲ್ಲಿ ತೂಗುಹಾಸಿಗೆ ಕಟ್ಟಲು ಕಂಬಗಳನ್ನು ನೆಡುವುದೆಂದು ತೀರ್ಮಾನವಾಯಿತು. ಕಂಬಕ್ಕೆ ತೊಗಟೆಯಿಲ್ಲ, ಆದ್ದರಿಂದ ತಪಾಸಣೆಯೂ ಇಲ್ಲ. ಬಂದದ್ದು ಹದಿಮೂರು ಕಂಬ. ಒಂದು ವಾರದ ನಂತರ ಮಾಲಿ ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿದ.

"ಸ್ವಾಮಿ, ಏಳನೇ ಜಾಗಕ್ಕೆ ನಾನೇ ಒಂದು ನೆಟ್ಟಿದೀನಿ. ಕಂಬ ಅಂತ ಬರ್ಕೊಳ್ಳಿ."

ನಾನು ಅವನ ಮುಖ ನೋಡಿದೆ. ಅವನ ಉಗುರುಗಳಲ್ಲಿ ಹಸಿ ಮಣ್ಣಿತ್ತು. ದಾಸ್ತಾನು ಪುಸ್ತಕ ತೆಗೆದು, ಹದಿನಾಲ್ಕು ಕಂಬ ಎಂದು ತಿದ್ದಿ ಸಹಿ ಹಾಕಿದೆ.

ತಿಂಗಳ ಮೇಲೆ ಸಾಹೇಬರು ತಪಾಸಕರನ್ನೂ ನನ್ನನ್ನೂ ಕರೆದುಕೊಂಡು ಬಯಲಿನ ಪರಿಶೀಲನೆಗೆ ಬಂದರು. ಏಳನೆಯ ಕಂಬದ ಎದುರು ನಿಂತು ಬಗ್ಗಿ ನೋಡಿದರು. ಅದು ಅವರ ಮೊಣಕಾಲಿಗೂ ಬರುತ್ತಿರಲಿಲ್ಲ.

"ಇದೇನಯ್ಯಾ?" ಎಂದು ಮಾಲಿಯನ್ನು ಕೇಳಿದರು.

"ಕಂಬ, ಸ್ವಾಮಿ."

"ಎಲೆ ಇದೆಯಲ್ಲ?"

"ಹೊಸ ನಮೂನೆ ಸ್ವಾಮಿ."

ಸಾಹೇಬರು ನನ್ನತ್ತ ತಿರುಗಿದರು. "ಪುಸ್ತಕದಲ್ಲಿ ಏನಂತಿದೆ?"

"ಕಂಬ ಅಂತಿದೆ ಸಾರ್."

ಸಾಹೇಬರು ಎಲೆಯೊಂದನ್ನು ಬೆರಳ ತುದಿಯಲ್ಲಿ ಮುಟ್ಟಿದರು. ತಪಾಸಕರ ಉಳಿಯ ಚೀಲವನ್ನೂ ಒಮ್ಮೆ ನೋಡಿದರು. "ಪುಸ್ತಕದಲ್ಲಿದ್ದ ಮೇಲೆ ಮುಗೀತು. ಕಂಬವೇ" ಎಂದು ಜೀಪು ಹತ್ತಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಂದು ಹೊರಗಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಕಟ್ಟದೆ ಬಿಟ್ಟರೆ ಕರು ಎಲ್ಲಿಗೆ ಹೋಗಬೇಕು?

ಸದರಿ ಕಂಬಕ್ಕೆ ಈಗ ಬೆಳಿಗ್ಗೆ, ಸಂಜೆ ನೀರು ಹಾಕಲಾಗುತ್ತಿದೆ. ಆಡುಗಳು ಕಂಬವನ್ನು ಮೇಯದಂತೆ ಬೇಲಿ ಕಟ್ಟಲಾಗಿದೆ. ಕಳೆದ ದಾಸ್ತಾನು ಎಣಿಕೆಯಲ್ಲಿ ಕಂಬವು ಎರಡಡಿ ಹೆಚ್ಚುವರಿ ಕಂಡುಬಂದಿದ್ದು, ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ.

ಮೊನ್ನೆ ಮಾಲಿಯ ಮಗಳು ಫೋನ್ ಮಾಡಿದ್ದಳಂತೆ. ಅವಳಿಗೂ ಸುದ್ದಿ ಮುಟ್ಟಿದೆ.

"ಅಪ್ಪಾ, ನನ್ನ ಕಂಬ ಹೇಗಿದೆ?" ಎಂದು ಕೇಳಿದಳಂತೆ.

"ಚಿಗುರಿದೆ ಕಣಮ್ಮ" ಎಂದನಂತೆ.